ಗಾಳೆವ್ವನ ಮೊದಲ ಹಿಡಿ

ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಎಂದು ಕೇಳಬೇಡಿ, ಗಿರಣಿ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ, ಅಷ್ಟು ತಿಳಿದರೆ ಸಾಕು. ಆಗಲೂ ಹಳ್ಳ ಇಲ್ಲೇ ಹರಿಯುತ್ತಿತ್ತು, ಆಗಲೂ ಕಲ್ಲಿನ ಗುಡ್ಡ ಅಲ್ಲೇ ಕೂತಿತ್ತು, ಎರಡರ ನಡುವೆ ನಮ್ಮ ಕಡ್ಲಿಹಾಳ ಒಂದು ಊರಾಗಿ ಬಾಳುತ್ತಿತ್ತು. ಆ ಊರಿಗೆ ಗಾಳೆವ್ವ ಎಂಬುವಳು ಬರುತ್ತಿದ್ದಳಂತೆ. ಕಲ್ಲೊಡೆಯುವ ವಡ್ಡರ ಮನೆತನದವಳು. ಗುಡ್ಡದ ಬುಡದಲ್ಲಿ ಅವಳ ಗುಡಿಸಲು.

ಹಳ್ಳದಾಚೆಯ ಊರಿನವರು ಗಾಳೆವ್ವ ತಮ್ಮವಳು ಅನ್ನುತ್ತಾರೆ. ಅನ್ನಲಿ ಬಿಡಿ. ಗೆದ್ದೆತ್ತಿನ ಬಾಲ ಹಿಡಿಯುವವರು ಯಾವ ಕಾಲಕ್ಕೂ ಇದ್ದಾರೆ. ಅವಳಿಗೆ ಹಾಡು ಹೊರಡಿಸಿದ ಊರು ನಮ್ಮದು, ಅದನ್ನು ಯಾರೂ ಕಸಿದುಕೊಳ್ಳಲಾರರು. ಹೇಗೆ ಎಂದು ಹೇಳುತ್ತೇನೆ, ಕೇಳಿ.

ಬೀಸುಕಲ್ಲು ದಿನಾ ತಿರುಗಿ ತಿರುಗಿ ನುಣ್ಣಗಾಗುತ್ತದೆ. ನುಣ್ಣಗಾದ ಕಲ್ಲು ಜೋಳವನ್ನು ಹಿಟ್ಟು ಮಾಡುವುದಿಲ್ಲ, ಸುಮ್ಮನೆ ಉರುಳಾಡಿಸುತ್ತದೆ. ಅಂಥ ಕಲ್ಲಿಗೆ ಉಳಿಯಿಂದ ಸಣ್ಣ ಸಣ್ಣ ಕಚ್ಚು ಹೊಡೆದು ಮತ್ತೆ ಹಲ್ಲು ಬರಿಸುವುದು ಗಾಳೆವ್ವನ ಕಸುಬು. ಸುಗ್ಗಿ ಮುಗಿದ ಮೇಲೆ ಅವಳ ಸುತ್ತು. ಮನೆಯವರು ಕಲ್ಲನ್ನು ಅಂಗಳಕ್ಕೆ ಹೊತ್ತು ತರುತ್ತಿದ್ದರು, ಅಲ್ಲೇ ಕೂತು ಹೊಡೆಯುತ್ತಿದ್ದಳು. ಒಳಗೆ ಹೂತ ಕಲ್ಲಿದ್ದವರು ಅದನ್ನೂ ಕಿತ್ತು ಹೊರಗೆ ತರುತ್ತಿದ್ದರು, ಆದರೆ ಅವಳನ್ನು ಒಳಗೆ ಕರೆಯುತ್ತಿರಲಿಲ್ಲ. ಆಗಿನ ಕಾಲ ಹಾಗಿತ್ತು. ಹಾಗಿತ್ತು ಎಂದ ಮಾತ್ರಕ್ಕೆ ಅದು ಸರಿಯಿತ್ತು ಅಂತಲ್ಲ.

ಅವಳ ಉಳಿಗೆ ಕಲ್ಲು ಮಾತಾಡುತ್ತಿತ್ತಂತೆ. ಕಲ್ಲಿನ ಮೇಲೆ ಕೈ ಆಡಿಸಿದರೆ ಸಾಕು, ಈ ಮನೆಯಲ್ಲಿ ಅತ್ತೆ ಸೊಸೆ ಕೂಡಿ ಬೀಸುತ್ತಾರೋ ಬೇರೆ ಬೇರೆ ಬೀಸುತ್ತಾರೋ ಹೇಳುತ್ತಿದ್ದಳಂತೆ. ನಮ್ಮಜ್ಜಿ ಹೀಗೆ ಹೇಳುತ್ತಿದ್ದಳು, ನಮ್ಮಜ್ಜಿಯ ಅಜ್ಜಿ ಇನ್ನೂ ಹೆಚ್ಚು ಹೇಳುತ್ತಿದ್ದಳಂತೆ.

ಆದರೆ ಎಲ್ಲರ ಕಲ್ಲಿಗೆ ಹಲ್ಲು ಕೊಟ್ಟವಳ ಗುಡಿಸಲಲ್ಲಿ ಒಂದು ಬೀಸುಕಲ್ಲು ಇರಲಿಲ್ಲ. ಮೊದಲು ಇತ್ತು. ಗಂಡನೂ ಬೆಳೆದ ಮಗಳೂ ಗುಡ್ಡದಲ್ಲಿ ಬಂಡೆ ಜಾರಿ ಹೋದ ವರ್ಷ, ತಾನೂ ಮಗಳೂ ಎದುರುಬದುರು ಕೂತು ಬೀಸುತ್ತಿದ್ದ ಆ ಕಲ್ಲನ್ನು ಊರಿನ ಹತ್ತಿ ಹಿಂಜುವ ಪಿಂಜಾರರ ಹುಸೇನಬಿಗೆ ಕೊಟ್ಟುಬಿಟ್ಟಳಂತೆ. ಹುಸೇನಬಿ ಆಗ ತಾನೇ ಮದುವೆಯಾಗಿ ಬಂದ ಬಡವಿ. ಆ ಕಲ್ಲಿಗೂ ಗಾಳೆವ್ವ ವರ್ಷ ವರ್ಷ ಕಚ್ಚು ಹೊಡೆದಳು, ಕಲ್ಲು ತಿರುಗಿಸುವ ಗೂಟವನ್ನು ಮಾತ್ರ ಒಮ್ಮೆಯೂ ಹಿಡಿಯಲಿಲ್ಲ. ಯಾವ ಮನೆಯ ಗೂಟವನ್ನೂ ಹಿಡಿಯಲಿಲ್ಲ. ಅಳಲೂ ಇಲ್ಲ, ಹಾಡಲೂ ಇಲ್ಲ. ಗಟ್ಟಿ ಹೆಂಗಸು, ಕಲ್ಲೆದೆಯವಳು ಎಂದು ಜನ ಹೊಗಳಿದರು. ಹೊಗಳುವುದು ಬಹಳ ಸುಲಭ ನೋಡಿ.

ಹೀಗಿರುವಾಗ ಊರಿಗೆ ದೊಡ್ಡ ಬೇನೆ ಬಂತು. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದರು. ಬೇನೆ ಅಲ್ಲಿಗೂ ಹುಡುಕಿಕೊಂಡು ಬಂತು. ಕೊನೆಗೆ ಅದು ತಣ್ಣಗಾಗಿ, ಉಳಿದವರು ಊರಿಗೆ ತಿರುಗಿ ಬಂದಾಗ, ಒಬ್ಬರನ್ನಾದರೂ ಕಳೆದುಕೊಳ್ಳದ ಮನೆ ಇರಲಿಲ್ಲ.

ಈಗ ನಮ್ಮೂರಿನ ಒಂದು ಕಟ್ಟಳೆ ಕೇಳಿ. ಸಾವಾದ ಮನೆಯ ಬೀಸುಕಲ್ಲು ತಿರುಗಬಾರದು. ದಿನಕರ್ಮ ಮುಗಿದ ಮೇಲೆ ಸೂತಕವಿಲ್ಲದ ಮನೆಯವಳೊಬ್ಬಳು ಬಂದು ಗೂಟ ಹಿಡಿದು ತಿರುಗಿಸಿಕೊಡಬೇಕು, ಆಮೇಲೆಯೇ ಸೂತಕ ಕಳೆದ ಹಾಗೆ, ಆಮೇಲೆಯೇ ಮನೆಯವರು ಬೀಸಬೇಕು. ಕಲ್ಲಿನ ಈ ಕಟ್ಟಳೆಗೆ ಗೌಡರ ಮನೆಯೂ ಒಂದೇ, ಪಿಂಜಾರರ ಮನೆಯೂ ಒಂದೇ. ಒಳ್ಳೆಯ ಕಟ್ಟಳೆ, ದುಃಖದ ಮನೆಗೆ ಒಬ್ಬರಾದರೂ ಬರಲಿ ಎಂದೇ ಹಿರಿಯರು ಮಾಡಿದ್ದು. ಆದರೆ ಊರೆಲ್ಲ ಸೂತಕವಾದಾಗ ತಿರುಗಿಸಿಕೊಡಲು ಬರುವವರು ಯಾರು? ಹಳ್ಳದಾಚೆಯವರನ್ನು ಕರೆದರೆ ಬೇನೆಗೆ ಹೆದರಿ ಬರಲಿಲ್ಲ. ಬರಲಿಲ್ಲ ಎಂಬುದನ್ನು ನೆನಪಿಡಿ, ಈಗ ಗಾಳೆವ್ವ ತಮ್ಮವಳು ಅನ್ನುವವರು ಅವರೇ.

ಕಲ್ಲುಗಳು ನಿಂತವು. ಜನ ಜೋಳವನ್ನು ಇಡಿಯಾಗಿ ಬೇಯಿಸಿ ತಿಂದರು. ರೊಟ್ಟಿ ಇಲ್ಲದಿದ್ದರೆ ಹೋಗಲಿ. ಹೆಂಗಸರು ಅತ್ತೆಯ ಮೇಲಿನ ಸಿಟ್ಟು, ತವರಿನ ನೆನಪು, ಸತ್ತ ಕೂಸಿನ ದುಃಖ ಎಲ್ಲವನ್ನೂ ಹಾಡಿ ಕಳೆಯುತ್ತಿದ್ದುದು ಆ ಕಲ್ಲಿನ ಮುಂದೆ. ಕಲ್ಲು ನಿಂತಿತು, ಹಾಡು ನಿಂತಿತು, ಮಾತೂ ನಿಂತಿತು. ಮನೆ ಮನೆಯ ಕದ ಮುಚ್ಚಿಕೊಂಡಿತು. ನಿನಗೆ ಏನಾಗಿದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಎಲ್ಲರಿಗೂ ಆಗಿದ್ದು ಅದೇ ಅಲ್ಲವೇ, ಕೇಳುವುದೇನು ಅಂದುಕೊಂಡರು.

ಎಲ್ಲರಿಗಿಂತ ಕೆಟ್ಟ ಗತಿ ನಿಂಬೆವ್ವನ ಸೊಸೆ ಫಕೀರವ್ವನದು. ಗಂಡನೂ ಹಿರಿಯ ಮಗನೂ ಹೋಗಿದ್ದರು. ಎದೆಹಾಲು ಬಿಡದ ಹೆಣ್ಣುಕೂಸೊಂದು ಉಳಿದಿತ್ತು. ಫಕೀರವ್ವ ಒಳಕೋಣೆ ಸೇರಿ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಮಾತಿಲ್ಲ, ಊಟವಿಲ್ಲ, ಅಳುವ ಕೂಸಿನ ಕಡೆ ತಿರುಗಿಯೂ ನೋಡಲಿಲ್ಲ. ನಿಂಬೆವ್ವ ಕೂಸಿಗೆ ಬೆರಳಿನಲ್ಲಿ ಆಡಿನ ಹಾಲು ನೆಕ್ಕಿಸುತ್ತಿದ್ದಳು, ಕೂಸು ದಿನದಿನಕ್ಕೆ ಬಡವಾಗುತ್ತಿತ್ತು. ಗಾಳಿ ಸೋಕಿದೆ, ದೆವ್ವ ಬಿಡಿಸುವವರ ಬಳಿಗೆ ಕರೆದೊಯ್ದು ಬೇವಿನ ಕಡ್ಡಿಯಿಂದ ಬಡಿಸಿ ತರೋಣ ಎಂದು ಊರ ಹಿರಿಯರು ಗಾಡಿ ಕಟ್ಟಿಸಿದರಂತೆ.

ಅದೇ ಹೊತ್ತಿಗೆ ಗಾಳೆವ್ವ ಉಳಿಚೀಲ ಹೆಗಲಿಗೆ ಹಾಕಿಕೊಂಡು ಊರಿಗೆ ಬಂದಳು. ಗಾಡಿ ನೋಡಿದಳು, ವಿಷಯ ಕೇಳಿದಳು. ಹೆದರದೆ ಹಿರಿಯರ ಮುಂದೆ ನಿಂತು ಹೇಳಿದಳಂತೆ:

“ಬಡದ್ರ ಕಲ್ಲು ಹಸನಾಗತೈತಿ ಯಪ್ಪಾ, ಮನಸಲ್ಲ. ನಾ ದಿನಾ ಬಡ್ಯಾಕಿ, ನನಗ ಗೊತ್ತೈತಿ.”

ಹಿರಿಯರು ಗಾಡಿ ನಿಲ್ಲಿಸಿದರು. ನಂತರ ಗೌಡರಿಗೆ ಒಂದು ಉಪಾಯ ಹೊಳೆಯಿತು. ನೀನು ಊರ ಹೊರಗಿನವಳು, ನೀನೇ ಮನೆ ಮನೆಯ ಕಲ್ಲು ತಿರುಗಿಸಿಕೊಡು ಎಂದರು. ಅಲ್ಲಿಯವರೆಗೆ ಒಳಗೆ ಕರೆಯದವರು ಅಂದು ಕರೆದರು! ಗಾಳೆವ್ವ ಎರಡು ಹೆಜ್ಜೆ ಹಿಂದೆ ಸರಿದಳಂತೆ. ತಾನು ಗೂಟ ಮುಟ್ಟುವುದಿಲ್ಲ, ತನ್ನ ಸೂತಕ ಇನ್ನೂ ಕಳೆದಿಲ್ಲ ಎಂದಳು. ಮಗಳು ಹೋಗಿ ಎಷ್ಟೋ ಸುಗ್ಗಿ ಕಳೆದಿದ್ದವು. ಆ ಮಾತು ಕೇಳಿದವರಲ್ಲಿ ಅದರ ಅರ್ಥ ಹಿಡಿದವರು ಒಬ್ಬರೂ ಇರಲಿಲ್ಲ.

ಆದರೆ ಅವಳು ಸುಮ್ಮನೆ ಹೋಗಲಿಲ್ಲ. ಹೆಂಗಸರತ್ತ ತಿರುಗಿ ಹೇಳಿದಳು:

“ಸೂತಕ ಇಲ್ಲದ ಮನಿ ಎಲ್ಲಿಂದ ತರ್ತೀರಿ? ಆಕಿ ಕಲ್ಲು ನೀ ತಿರುಗಿಸು, ನಿನ್ನ ಕಲ್ಲು ಆಕಿ ತಿರುಗಿಸ್ಲಿ. ತೊಯ್ದ ಬಟ್ಟಿ ಮಳಿಗೆ ಅಂಜತೈತೇನ?”

ನೋಡಿ, ಕಟ್ಟಳೆ ಮುರಿಯಲಿಲ್ಲ, ಅದರ ಗಂಟು ಮಾತ್ರ ಬಿಚ್ಚಿದಳು. ನೊಂದವಳು ನೊಂದವಳ ಮನೆಗೆ ಹೋದಳು. ಅಂಗಳ ಅಂಗಳದಲ್ಲಿ ಗಾಳೆವ್ವನ ಉಳಿ ಟಿಣ್ ಟಿಣ್ ಎಂದಿತು. ಕಲ್ಲುಗಳು ಹಲ್ಲು ಕಟ್ಟಿಕೊಂಡು ಒಂದೊಂದಾಗಿ ತಿರುಗಿದವು.

ಫಕೀರವ್ವ ಮಾತ್ರ ಏಳಲಿಲ್ಲ. ಅವರ ಮನೆಯ ಕಲ್ಲು ಪಡಸಾಲೆಯಲ್ಲಿ ಹೂತದ್ದು, ಅವಳೋ ಒಳಕೋಣೆ ಬಿಡಳು. ಎದ್ದು ಬರಲಾರದವಳ ಬಳಿಗೆ ಕಲ್ಲೇ ಹೋಗಲಿ ಎಂದು ಗಾಳೆವ್ವ ಹುಸೇನಬಿಯ ಮನೆಯಿಂದ ಆ ಕಲ್ಲನ್ನು, ತಾನು ಕೊಟ್ಟ ಆ ಕಲ್ಲನ್ನೇ, ಹೊಸ ಕಚ್ಚು ಹೊಡೆದು ತಲೆಯ ಮೇಲೆ ಹೊತ್ತು ತಂದಳಂತೆ. ಮೇಲಿನದೂ ಕೆಳಗಿನದೂ ಒಟ್ಟಿಗೆ ಹೊತ್ತಳು ಅನ್ನುತ್ತಾರೆ ಕೆಲವರು. ಹೊರಲೇ ಇಲ್ಲ, ಕಲ್ಲು ಕರುವಿನ ಹಾಗೆ ಅವಳ ಹಿಂದೆ ನಡೆದು ಬಂತು ಅನ್ನುತ್ತಾರೆ ಇನ್ನು ಕೆಲವರು. ನಾನು ನಂಬುವುದಿಲ್ಲ. ಆದರೆ ಹೇಳುವಾಗ ಬಿಡುವುದೂ ಇಲ್ಲ.

ಹೊಸ್ತಿಲ ತನಕ ಗಾಳೆವ್ವ ತಂದಳು, ಒಳಗೆ ಹುಸೇನಬಿ ಉರುಳಿಸಿಕೊಂಡು ಹೋದಳು. ಗಾಳೆವ್ವ ಹೊರಗೆ ಗೋಡೆಯ ಕಿಂಡಿಯ ಕೆಳಗೆ ಕೂತಳು. ಹುಸೇನಬಿ ಮಲಗಿದವಳ ಪಕ್ಕದಲ್ಲೇ ಕಲ್ಲು ಜೋಡಿಸಿ ಒಬ್ಬಳೇ ಬೀಸತೊಡಗಿದಳು. ಎದುರಿಗೆ ಯಾರೂ ಇಲ್ಲದ ಕಲ್ಲು ಭಾರ, ಅದು ನಿಮಗೆ ಗೊತ್ತು. ಬೀಸಿದಳು, ಬೆವೆತಳು, ಬೀಸಿದಳು. ಎಷ್ಟೋ ಹೊತ್ತಿನ ಮೇಲೆ ಫಕೀರವ್ವನ ಕೈ ಬಂದು ಗೂಟ ಹಿಡಿಯಿತಂತೆ.

ಹಿಡಿದವಳೇ ಬಾಯಿ ಬಿಟ್ಟಳು. ಏನೆಂದು? ಅತ್ತೆಯನ್ನು ನೋಡಿ, “ಅವರ ಬದ್ಲಿ ನೀ ಯಾಕ ಸಾಯ್ಲಿಲ್ಲ?” ಎಂದಳು.

ನಿಂಬೆವ್ವ ಮಗನನ್ನೂ ಮೊಮ್ಮಗನನ್ನೂ ಕಳೆದುಕೊಂಡವಳು. ಆ ಮಾತಿಗೆ ಬಾಗಿಲು ಹಿಡಿದು ಕುಸಿದಳು. ಆಗ ಕಿಂಡಿಯಿಂದ ಗಾಳೆವ್ವನ ದನಿ ಬಂತು:

“ನಿಂಬೆವ್ವಾ, ಹೊಸಾ ಕಚ್ಚು ಹೊಡದ ಕಲ್ಲಿನ ಮೊದಲ ಹಿಡಿ ಹಿಟ್ಟಿನಾಗ ಹರಳು ಇರ್ತಾವ. ಅದನ್ನ ಯಾರರ ಉಣ್ತಾರೇನ? ಮಾತೂ ಹಂಗ ನೋಡು. ತಂದು ಹೊರಗ ಚೆಲ್ಲು. ಕಲ್ಲು ನಿಲ್ಲಸಬ್ಯಾಡ್ರಿ, ಬೀಸ್ರಿ!”

ನಿಂಬೆವ್ವ ಎದ್ದಳು. ಆ ಮೊದಲ ಹಿಡಿ ಹಿಟ್ಟನ್ನು ಬಳಿದು ತಂದು ಹೊಸ್ತಿಲ ಹೊರಗೆ ಚೆಲ್ಲಿದಳು. ತಿರುಗಿ ಹೋಗಿ ಜೋಳ ಹಾಕುತ್ತ ಕೂತಳು. ಎರಡನೆಯ ಹಿಡಿಗೆ ಫಕೀರವ್ವ ಅತ್ತಳು. ಅತ್ತೆಯೂ ಅತ್ತಳು. ಆಮೇಲೆ ಹುಸೇನಬಿ ಮೆಲ್ಲಗೆ ಹಾಡು ಎತ್ತಿಕೊಂಡಳು:

ಕಲ್ಲವ್ವ ನೀ ತಿರುಗ, ಸೊಲ್ಲವ್ವ ನೀ ಹೊರಡ,
ಎಲ್ಲಾರ ಮನೆಯ ಎದೆಭಾರ, ಹಿಟ್ಟಾಗಿ
ಮೆಲ್ಲಕ ಹೊರಗ ಸುರಿಯಾಲಿ.

ಕೂಸು ಅಂಬೆಗಾಲಿಟ್ಟು ಬಂದು ಹಿಟ್ಟಿಗೆ ಕೈಹಾಕಿ ಮೋರೆಗೆಲ್ಲ ಬಳಿದುಕೊಂಡಿತು. ಫಕೀರವ್ವ ಸೆರಗಿನಿಂದ ಅದರ ಮೋರೆ ಒರೆಸಿದಳು, ಎತ್ತಿ ಎದೆಗೆ ಹಾಕಿಕೊಂಡಳು. ಗಾಡಿ ಬಿಚ್ಚಿ ಎತ್ತು ಕೊಟ್ಟಿಗೆಗೆ ಕಟ್ಟಿದರು.

ಅಂದಿನಿಂದ ಗಾಳೆವ್ವನ ಹೆಸರು ಊರೂರಿಗೆ ಹೋಯಿತು. ಬೇನೆ ಕಂಡ ಊರುಗಳೆಲ್ಲ ಕರೆದವು. ಅವಳು ಎಲ್ಲಿಗೂ ಇಲ್ಲ ಅನ್ನಲಿಲ್ಲ. ಬಿಸಿಲೆನ್ನಲಿಲ್ಲ, ಹಬ್ಬವೆನ್ನಲಿಲ್ಲ. ಎಲ್ಲರ ಅಂಗಳದಲ್ಲಿ ಕೂತು ಎಲ್ಲರ ದುಃಖ ಕೇಳಿದಳು. ನಿಂದೇನು ಗಾಳೆವ್ವ ಎಂದು ಯಾರಾದರೂ ಕೇಳಿದರೆ ನಕ್ಕು, ನಂದು ಕಲ್ಲಿಗೆ ಹೇಳೀನಿ ಅನ್ನುತ್ತಿದ್ದಳಂತೆ.

ಒಂದು ಸುಗ್ಗಿ ಮುಗಿಯಿತು, ಗಾಳೆವ್ವ ಬರಲಿಲ್ಲ. ಬೇರೆ ಊರಲ್ಲಿದ್ದಾಳೆ, ಬರುತ್ತಾಳೆ ಎಂದರು ಜನ. ಫಕೀರವ್ವನಿಗೆ ಮನಸ್ಸು ತಡೆಯಲಿಲ್ಲ. ಓಡಾಡುವಷ್ಟಾಗಿದ್ದ ಮಗಳನ್ನು ಕರೆದುಕೊಂಡು ಗುಡ್ಡದ ಬುಡಕ್ಕೆ ಹೋದಳು. ಗುಡಿಸಲಲ್ಲಿ ಗಾಳೆವ್ವ ಬಂಡೆ ಜಾರಿದ ಕಡೆಗೆ ಮುಖ ಮಾಡಿ ಕೂತಿದ್ದಳು. ಒಲೆಯಲ್ಲಿ ಬೂದಿಯೂ ಹಳೆಯದು. ಉಳಿಗಳೆಲ್ಲ ಮೊಂಡಾಗಿ ಮೂಲೆಯಲ್ಲಿ ಬಿದ್ದಿದ್ದವು. ಕರೆದರೆ ಓಗೊಡಲಿಲ್ಲ, ಹೆಣ್ಣುಮಗುವನ್ನು ಕಂಡರೂ ಕಣ್ಣು ಹೊರಳಿಸಲಿಲ್ಲ. ತಾನು ಗೋಡೆಗೆ ಮುಖ ಮಾಡಿ ಮಲಗಿದ್ದ ದಿನಗಳು ಫಕೀರವ್ವನಿಗೆ ನೆನಪಾದವು. ಇವಳು ಹೀಗೇ ಕೂತರೆ ಕಲ್ಲಾಗಿಯೇ ಹೋಗುತ್ತಾಳೆ ಎಂದು ಮಗಳನ್ನು ಎತ್ತಿಕೊಂಡು ಊರ ದಾರಿ ಹಿಡಿದಳು.

ಈಗ ನಮ್ಮೂರಿನ ಹೆಮ್ಮೆಯ ಮಾತು ಬಂತು, ನೆಟ್ಟಗೆ ಕೂತು ಕೇಳಿ. ಫಕೀರವ್ವ ಊರಿಗೆ ಬಂದವಳೇ ಹುಸೇನಬಿಯ ಮನೆಗೆ ಹೋಗಿ ಆ ಕಲ್ಲಿನ ಕೆಳಹಾಸು ತಲೆಗೇರಿಸಿದಳು. ಮೇಲಿನ ಕಲ್ಲನ್ನು ಹುಸೇನಬಿ ಹೊತ್ತಳು. ಜೋಳದ ಬುಟ್ಟಿ ನಿಂಬೆವ್ವ ಹಿಡಿದಳು. ಹಾಡಹಗಲು, ಊರ ಅಗಸಿಬಾಗಿಲ ಮುಂದೆ, ಹಿರಿಯರ ಕಣ್ಣೆದುರಿಗೆ ಮೂವರೂ ನಡೆದರು. ಎಲ್ಲಿಗೆ ಎಂದು ಕೇಳಿದವರಿಗೆ, ಸೂತಕ ಕಳೆಯಲಿಕ್ಕೆ ಎಂದರು. ಕೇಳಿದ ಹೆಂಗಸರೂ ಕೈಯಲ್ಲಿದ್ದ ಕೆಲಸ ಬಿಟ್ಟು ಹಿಂದೆ ನಡೆದರು. ಅಂದು ಊರಲ್ಲಿ ಒಲೆ ಹಚ್ಚಲು ಒಬ್ಬರೂ ಉಳಿಯಲಿಲ್ಲವಂತೆ, ಗೌಡರೂ ಉಪವಾಸ!

ಕಲ್ಲು ಕಂಡು ಗಾಳೆವ್ವ ಬೆಚ್ಚಿದಳು. ಒಲ್ಲೆ, ಒಯ್ಯಿರಿ ಎಂದಳು. ಫಕೀರವ್ವ ಎದುರಿಗೆ ಕೂತು ಗೂಟ ಹಿಡಿದು ಹೇಳಿದಳು:

“ತೊಯ್ದ ಬಟ್ಟಿ ಮಳಿಗೆ ಅಂಜತೈತೇನ, ಗಾಳೆವ್ವಾ? ಉಳಿ ಮೊಂಡ ಆದ್ರ ನೀನ ಸಾಣಿ ಹಿಡೀತಿದ್ದಿ. ಈಗ ನಿನ್ನ ಪಾಳಿ. ಹಿಡಿ.”

ಗಾಳೆವ್ವನ ಕೈ ಬಂತು. ಮಗಳು ಹಿಡಿಯುತ್ತಿದ್ದ ಗೂಟವನ್ನು ಹಿಡಿಯಿತು. ಕಲ್ಲು ತಿರುಗಿದ್ದೇ ತಡ, ಅವಳ ಬಾಯಿಂದ ಮೊದಲ ಹಿಡಿ ಬಿತ್ತು. ಊರಿಗೆ ಊರನ್ನೇ ಬೈದಳಂತೆ. ನಿಮ್ಮ ಕಲ್ಲಿಗೆಲ್ಲ ನಾ ಬೇಕು, ನಿಮ್ಮ ಪಡಸಾಲಿಗೆ ಬ್ಯಾಡ. ನನ್ನ ಮಗಳು ಸತ್ತಾಗ ನಿಮ್ಮಲ್ಲಿ ಯಾರು ಬಂದಿದ್ರಿ? ಗಟ್ಟಿ ಹೆಂಗಸು ಅಂತ ಹೊಗಳಿ ಮನಿಗೆ ಹೋದ್ರಿ. ಹೀಗೆ ಬೈದಳು, ಬೈದಳು, ದಣಿಯುವ ತನಕ ಬೈದಳು.

ಯಾರೂ ಎದ್ದು ಹೋಗಲಿಲ್ಲ. ಯಾರೂ ಎದುರಾಡಲಿಲ್ಲ. ನಿಂಬೆವ್ವ ಆ ಹಿಟ್ಟನ್ನು ಬಳಿದು ಹೊರಗೆ ಚೆಲ್ಲಲು ಒಯ್ದಳು. ಬಾಗಿಲಲ್ಲಿ ನಿಂತಳು. ಇದರಲ್ಲಿ ಹರಳಿದೆ, ಆದರೆ ಸುಳ್ಳಿಲ್ಲ ಎಂದು ಚಿಟಿಕೆ ಹಿಟ್ಟು ತನ್ನ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಚೆಲ್ಲಿದಳಂತೆ. ದಾರಿಯಲ್ಲಿ ಕಲ್ಲಿಗೆ ಹತ್ತಿದ ಹರಳು ಕಟಂ ಎಂದು ಹಲ್ಲಿಗೆ ಸಿಕ್ಕಿತು, ಆದರೂ ನುಂಗಿದಳು. ಅಂಥ ಹೆಂಗಸರು ನಮ್ಮೂರಿನವರು. ಆಮೇಲೆ ಗಾಳೆವ್ವನ ಬಾಯಿಂದ ಹಾಡು ಹೊರಟಿತು:

ಮಗಳ ಕೈಯ ಗುರುತ ಮಾಸಿಲ್ಲ ಗೂಟದ ಮ್ಯಾಲ,
ಹಗಲೆಲ್ಲ ಉಳಿಯ ಹೊಡದೇನ, ನನ್ನೆವ್ವಾ
ಅಗಲಿದ ಮಾತ ಆಡಿಲ್ಲ.

ಅಷ್ಟು ಸುಗ್ಗಿಗಳ ಸೂತಕ ಅಂದು ಕಳೆಯಿತು. ಗಾಳೆವ್ವ ಆಮೇಲೆಯೂ ಬಹಳ ಕಾಲ ಬಾಳಿದಳು, ಕಚ್ಚು ಹೊಡೆದಳು, ಹಾಡಿದಳು, ದಣಿವಾದರೆ ಇವತ್ತು ಒಲ್ಲೆ ಎನ್ನುವುದನ್ನೂ ಕಲಿತಳು. ಆ ವರ್ಷದಿಂದ ಕಡ್ಲಿಹಾಳದಲ್ಲಿ ಕಲ್ಲು ಅಂಗಳಕ್ಕೆ ಬರಲಿಲ್ಲ, ಗಾಳೆವ್ವನೇ ಒಳಗೆ ಕಲ್ಲಿನ ಬಳಿಗೆ ಹೋದಳು.

ಈಗ ಗಿರಣಿ ಇದೆ, ಹಿಟ್ಟು ಚೀಲದಲ್ಲೂ ಬರುತ್ತದೆ. ಆದರೂ ನಮ್ಮೂರಲ್ಲಿ ಬೀಸುಕಲ್ಲು ಎಸೆದ ಮನೆ ಒಂದೂ ಇಲ್ಲ. ಸಾವಾಗಲಿ, ಬೆಳೆ ಹೋಗಲಿ, ಮಗಳು ಮಾತು ಬಿಟ್ಟು ಕೂರಲಿ, ನೆರೆಯವಳು ಸೇರು ಜೋಳ ಹಿಡಿದು ಬಂದು ಕಲ್ಲಿನ ಎದುರಿಗೆ ಕೂರುತ್ತಾಳೆ. ಈಗೀಗ ಗಂಡಸರೂ ಕೂರುತ್ತಾರೆ, ನಾಚಿಕೊಂಡು. ಮೊದಲ ಹಿಡಿ ಹಿಟ್ಟನ್ನು ಗಾಳೆವ್ವನ ಪಾಲು ಎಂದು ಹೊಸ್ತಿಲ ಹೊರಗೆ ಚೆಲ್ಲುತ್ತೇವೆ. ಆ ಹಿಡಿ ಬೀಳುವಾಗ ಆಡಿದ ಮಾತನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಇನ್ನೊಂದಿದೆ. ಸಮಾಧಾನ ಹೇಳಲು ಬಂದವಳು ಬರೀ ಕೇಳಿ ಎದ್ದು ಹೋಗುವ ಹಾಗಿಲ್ಲ. ಜೋಳ ಮುಗಿಯುವ ಮೊದಲು ತನ್ನದೂ ಒಂದು ನುಡಿ ಹಾಡಬೇಕು. ಗಟ್ಟಿಗಿತ್ತಿಯಾದರೆ ಎರಡು. ಹಾಡದಿದ್ದರೆ ಮನೆಯವರೆಲ್ಲ ಬಾಗಿಲಿಗೆ ಅಡ್ಡ ನಿಂತು, ನಿನ್ನ ಪಾಳಿ ಗಾಳೆವ್ವಾ, ಹಿಡಿ ಅನ್ನುತ್ತಾರೆ. ಆ ಹೊತ್ತಿಗೆ ಅವಳ ಹೆಸರು ಏನೇ ಇರಲಿ, ನಮ್ಮೂರಲ್ಲಿ ಅವಳು ಗಾಳೆವ್ವನೇ.