ಕಂಪ್ಯೂಟರಿನಲ್ಲಿ ಶುಂಠಿ ಟೀ

ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ಒಬ್ಬ ಜವಾನನಿದ್ದ. ಎಲ್ಲರಿಗೂ ಟೀ ಮಾಡಿಕೊಡುವುದು ಅವನ ಕೆಲಸ. ತೀರಿಹೋದ ಹೆಂಡತಿ ಕಲಿಸಿದ ಹದದಲ್ಲೇ ಶುಂಠಿ ಜಜ್ಜಿ ಹಾಕುತ್ತಿದ್ದ.

ಒಂದು ದಿನ ಮ್ಯಾನೇಜರ್ ನಾಗಭೂಷಣರು ಗುಡುಗಿದರು. "ಉಗ್ರಾಣದಿಂದ ಏನು ಬೇಕಾದರೂ ಇನ್ನು ಹೊಸ ಸಾಫ್ಟ್‌ವೇರಿನಲ್ಲೇ ಕೇಳಬೇಕು. ಶನಿವಾರದೊಳಗೆ ಕಲಿಯದವರು ಮನೆಗೆ!"

ಉಗ್ರಾಣದ ಚೆನ್ನಾಜಮ್ಮ ಜವಾನನ ಹತ್ತಿರ ಬಂದು ಕಣ್ಣೊರೆಸಿಕೊಂಡಳು. "ತಪ್ಪು ಒತ್ತಿದ್ರೆ ಎಲ್ಲರ ಮುಂದೆ ಬೈತಾರಪ್ಪಾ. ಮುಟ್ಟೋಕೇ ಭಯ."

ಜವಾನ ಒಂದು ಉಪಾಯ ಮಾಡಿದ. ಸಾಫ್ಟ್‌ವೇರ್ ಹಾಕಲು ಬಂದವರಿಗೆ ಹೇಳಿ, ಅದರಲ್ಲಿದ್ದ ಉಗ್ರಾಣದ ಸಾಮಾನುಗಳ ಪಟ್ಟಿಗೆ ಟೀಯನ್ನೂ ಸೇರಿಸಿದ. ಮರುದಿನ ಸಾರಿದ. "ಟೀ ಬೇಕಾದವರು ಕಂಪ್ಯೂಟರಿನಲ್ಲೇ ಕೇಳಿ. ಸಾಹೇಬರ ಅಪ್ಪಣೆ!"

ಚೆನ್ನಾಜಮ್ಮ ಹೆದರುತ್ತಲೇ ಒತ್ತಿದಳು. ಒಂದರ ಬದಲು ಹತ್ತು ಟೀ ಬಂತು.

"ಅಯ್ಯೋ, ತಪ್ಪಾಯ್ತು!"

"ದಿನಾ ಹೀಗೇ ತಪ್ಪು ಮಾಡಮ್ಮ," ಎಂದು ಪ್ಯಾಕಿಂಗಿನವರು ನಗುತ್ತಾ ಕುಡಿದರು. ಅವಳೂ ನಕ್ಕಳು. ಭಯ ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ಉಳಿದವರಿಗೆ ಅವಳೇ ಕಲಿಸುತ್ತಿದ್ದಳು.

ಸಂಜೆ ಸಾಹೇಬರು ಗಂಟೆ ಬಾರಿಸಿದರು. ಟೀ ಬರಲಿಲ್ಲ. ಹೊರಗೆ ಬಂದು ಕೂಗಾಡಿದರು. "ನನ್ನ ಟೀ ಎಲ್ಲೋ?"

"ಕಂಪ್ಯೂಟರಿನಲ್ಲಿ ಬಂದಿಲ್ಲ ಸಾರ್. ನಿಮ್ಮದೇ ಅಪ್ಪಣೆ."

ಸಾಹೇಬರ ದನಿ ಇಳಿಯಿತು. "ಅದು... ನನಗೆ ಬರಲ್ಲ ಕಣೋ."

ಚೆನ್ನಾಜಮ್ಮ ಕುರ್ಚಿ ಎಳೆದಳು. "ಕೂತ್ಕೊಳ್ಳಿ ಸಾರ್. ತಪ್ಪಾದ್ರೆ ಇಲ್ಲಿ ಯಾರೂ ಬೈಯಲ್ಲ."

ಸಾಹೇಬರು ತಲೆ ತಗ್ಗಿಸಿ ಕೂತರು. ಮೆಲ್ಲಗೆ ಒತ್ತಿದರು. ಜವಾನ ಎರಡು ಲೋಟ ತಂದ.

"ನಾನು ಕೇಳಿದ್ದು ಒಂದೇ ಅಲ್ವೇನೋ?"

"ಇನ್ನೊಂದು ಕಲಿಸಿದವರಿಗೆ ಸಾರ್."

ಸಾಹೇಬರು ಆ ಲೋಟವನ್ನು ತಾವೇ ಚೆನ್ನಾಜಮ್ಮನ ಕೈಗಿಟ್ಟರು. "ಸೋಮವಾರ ಇನ್ನೊಂದು ಸಲ ಹೇಳಿಕೊಡಿಯಮ್ಮ. ಮರೆತುಹೋಗುತ್ತೆ."