ಅವರೆ ತೋಟದ ಕೆಳಗೋಡೆ

"ಗುರುಗಳೇ, ಮನಸ್ಸಿಗೆ ಸಿಟ್ಟು ಬಾರದಂತೆ ತಡೆಯುವುದು ಹೇಗೆ?"

ಹೀಗೆ ಕೇಳಿದವನು ಮರುಳಯ್ಯ. ಬೆಟ್ಟದ ಮಠದಲ್ಲಿ ಆರು ವರ್ಷದಿಂದ ಶಿಷ್ಯನಾಗಿದ್ದವನು. ಆ ತಿಂಗಳ ಮೊದಲಲ್ಲಿ ಅವನು ಕಟ್ಟಿದ ರಾಗಿಮುದ್ದೆಯನ್ನು ಮಠದ ಅಡುಗೆಯ ಕರಿಬಸಪ್ಪ ಪಂಕ್ತಿಯ ಎದುರು ಎತ್ತಿ ಹಿಡಿದು, "ಇಂಥವು ನಾಲ್ಕಿದ್ರೆ ಕಟ್ಟೆ ಕಟ್ಟೋಕೆ ಕಲ್ಲೇ ಬೇಡ" ಎಂದಿದ್ದ. ಊಟಕ್ಕೆ ಕೂತವರೆಲ್ಲ ನಕ್ಕಿದ್ದರು. ಅದಕ್ಕೂ ಮೊದಲು ಇಬ್ಬರೂ ದಿನವೂ ಒಂದೇ ಒಲೆಯ ಮುಂದೆ ಕೂತು ಹರಟೆ ಹೊಡೆಯುತ್ತಿದ್ದವರು.

ಅಂದಿನಿಂದ ಮರುಳಯ್ಯ ಸಿಟ್ಟಿನ ಮೇಲೆ ಯುದ್ಧ ಸಾರಿದ್ದ. ಖಾರ ತಿನ್ನುವುದನ್ನು ಬಿಟ್ಟ. ಬೆಳಗಿನ ಚಳಿಯಲ್ಲಿ ತಣ್ಣೀರು ಹೊಯ್ದುಕೊಂಡ. ಅಡುಗೆಮನೆಯ ಕಡೆ ತಲೆ ಹಾಕುವುದನ್ನೇ ನಿಲ್ಲಿಸಿ, ಹೊರಗಿನ ಕಟ್ಟೆಯ ಮೇಲೆ ಒಬ್ಬನೇ ಕೂತು ಉಂಡ. ಆದರೂ ಸಿಟ್ಟು ಹೋಗಲಿಲ್ಲ. ನೆಗಡಿಯೊಂದು ಹೆಚ್ಚಿಗೆ ಬಂತು.

ಗುರುಗಳು ಕೊತ್ತಂಬರಿ ಪಾತಿಯಲ್ಲಿ ಕಳೆ ಕೀಳುತ್ತಿದ್ದರು. "ಬಾ, ಕೂತುಕೋ. ಕೈ ಯಾಕೆ ಸುಮ್ಮನಿರಬೇಕು, ನೀನೂ ಕೀಳು. ಒಂದು ಕತೆ ಹೇಳುತ್ತೇನೆ" ಎಂದು ಶುರು ಮಾಡಿದರು.

ಒಂದು ಬೆಟ್ಟದ ಇಳಿಜಾರಿನಲ್ಲಿ ಇಪ್ಪತ್ತೆರಡು ಮನೆಗಳ ಊರು. ಮೇಲೆ ಬೋಳು ನೆತ್ತಿ, ಕೆಳಗೆ ಹಳ್ಳ, ನಡುವೆ ಮನೆಗಳು, ಮನೆಗೊಂದು ತೋಟ. ಸಂಕ್ರಾಂತಿಯ ದಿನ ಆ ಊರಿಗೆಲ್ಲ ಒಂದೇ ಒಲೆ, ಒಂದೇ ಹಂಡೆ. ಯಾವ ಮನೆಯವರು ಯಾವ ತರಕಾರಿ ತರಬೇಕೆಂದು ಮುತ್ತಾತಂದಿರ ಕಾಲದಲ್ಲೇ ನಿಗದಿಯಾಗಿತ್ತು. ಒಂದು ಮನೆಯದು ಕುಂಬಳ, ಒಂದು ಮನೆಯದು ಬದನೆ, ಇನ್ನೊಂದರದು ಮೂಲಂಗಿ. ಎಲ್ಲವನ್ನೂ ಒಟ್ಟಿಗೆ ಹಾಕಿ ಹುಳಿ ಮಾಡಿ ಊರೆಲ್ಲ ಉಣ್ಣುವುದು.

ಆ ಊರಲ್ಲಿ ಒಬ್ಬ ರೈತ. ಅವನ ಮನೆಯ ಪಾಲು ಅವರೆಕಾಯಿ. ಸಂಕ್ರಾಂತಿಯ ಹುಳಿಗೆ ಅವರೆ ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ, ನಿನ್ನ ಬಾಯಲ್ಲಿ ಈಗಲೇ ನೀರೂರುತ್ತಿದೆ. ರೈತನಿಗೂ ಆ ಹೆಮ್ಮೆ ಇತ್ತು. ಬುಟ್ಟಿ ಹೊತ್ತು ಅವನು ಹಂಡೆಯ ಹತ್ತಿರ ಬರುವಾಗ ನಡಿಗೆಯೇ ಬೇರೆ.

ಅವರೆ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಆ ಬೆಟ್ಟದಲ್ಲಿ ಚಳಿ ಬಲಿಯುತ್ತದೆ. ಕೆಲವು ದಿನ ಇಬ್ಬನಿ ಎಲೆಯ ಮೇಲೇ ಹೆಪ್ಪುಗಟ್ಟುತ್ತದೆ. ಊರಿನವರು ಅದನ್ನು ಬಿಳಿ ಇಬ್ಬನಿ ಎನ್ನುತ್ತಾರೆ. ಅದು ಕೂತ ಗಿಡ ಬಿಸಿಲೇರುವಷ್ಟರಲ್ಲಿ ಕಪ್ಪಾಗುತ್ತದೆ. ರೈತನ ತೋಟದಲ್ಲಿ ಪ್ರತಿ ವರ್ಷ ತೀರ ಕೆಳಗಿನ ಎರಡು ಸಾಲು ಹೀಗೆ ಸುಟ್ಟುಹೋಗುತ್ತಿದ್ದವು. ಇಪ್ಪತ್ತು ಸಾಲು ಉಳಿಯುತ್ತಿದ್ದವು. ಅವನಿಗೆ ಉಳಿದ ಇಪ್ಪತ್ತು ಕಾಣುತ್ತಿರಲಿಲ್ಲ, ಹೋದ ಎರಡೇ ಕಾಣುತ್ತಿದ್ದವು.

ಅವನು ಲೆಕ್ಕ ಹಾಕಿದ. ಬೆಳಿಗ್ಗೆ ಎದ್ದು ನೋಡಿದರೆ ಹಳ್ಳದ ದಂಡೆ ಪೂರ್ತಿ ಬೆಳ್ಳಗಿರುತ್ತದೆ. ಸುಡುವುದೂ ಕೆಳಗಿನ ಸಾಲುಗಳೇ. ಅಂದಮೇಲೆ ಚಳಿ ಹುಟ್ಟುವುದು ಹಳ್ಳದಲ್ಲಿ. ಅಲ್ಲಿಂದ ಅದು ಮೆಲ್ಲಗೆ ಗುಡ್ಡ ಹತ್ತಿ ತನ್ನ ತೋಟಕ್ಕೆ ಬರುತ್ತದೆ. ಆ ಬೇಸಿಗೆಯಲ್ಲಿ ಅವನು ಕಲ್ಲು ಹೊತ್ತು ತೋಟದ ಕೆಳ ಅಂಚಿಗೆ, ಈ ತುದಿಯಿಂದ ಆ ತುದಿಯವರೆಗೆ, ಸೊಂಟದೆತ್ತರದ ಗೋಡೆ ಕಟ್ಟಿದ.

ಆ ವರ್ಷ ಹನ್ನೆರಡು ಸಾಲು ಸುಟ್ಟವು. ಉಳಿದವೂ ಚಳಿ ತಿಂದು ಸೊರಗಿದವು, ಕಾಯಿ ಕಟ್ಟಲಿಲ್ಲ. ಸಂಕ್ರಾಂತಿಗೆ ಅವನು ಖಾಲಿ ಕೈಯಲ್ಲಿ ಹೋದ.

ಬುದ್ಧಿವಂತನಾಗಿದ್ದರೆ ಅಲ್ಲಿಗೇ ನಿಲ್ಲುತ್ತಿದ್ದ. ಆದರೆ ಇವನು ಬರಿಯ ಬುದ್ಧಿವಂತನಲ್ಲ, ಹಟದ ಬುದ್ಧಿವಂತ. ಗೋಡೆ ಗಿಡ್ಡವಾಯಿತು ಎಂದುಕೊಂಡ. ಮತ್ತೊಂದು ಬೇಸಿಗೆಯೆಲ್ಲ ಕಲ್ಲು ಹೊತ್ತು ಆಳೆತ್ತರಕ್ಕೆ ಏರಿಸಿದ. ಚಳಿ ತೂರದಿರಲೆಂದು ಸಂದುಸಂದಿಗೂ ಮಣ್ಣು ಮೆತ್ತಿದ. ಆ ವರ್ಷ ಇಪ್ಪತ್ತೆರಡು ಸಾಲೂ ಸುಟ್ಟವು. ಪಕ್ಕದ ತೋಟದ ಮುದುಕಿಗೆ ಇದ್ದದ್ದು ಬರೀ ಮುಳ್ಳಿನ ಬೇಲಿ. ಅವಳ ಗಿಡಗಳು ಹಸಿರಾಗಿ ನಗುತ್ತಿದ್ದವು.

ಊರಿನ ಬೇರೆ ಹಿತ್ತಲುಗಳಲ್ಲೂ ಅವರೆ ಇತ್ತು. ಆದರೂ ಯಾರೂ ಹಂಡೆಗೆ ತರಲಿಲ್ಲ. ಅದು ಅವನ ಮನೆಯ ಪಾಲು. ಎರಡು ವರ್ಷ ಊರೆಲ್ಲ ಅವರೆಯಿಲ್ಲದ ಹುಳಿ ಉಂಡು ಚೆನ್ನಾಗಿದೆ ಎಂದಿತು. ಅವರು ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಮೂರು ವರ್ಷ ಸತತವಾಗಿ ಖಾಲಿ ಬಂದರೆ ಆ ಪಾಲು ಬೇರೆ ಮನೆಗೆ ಹೋಗುತ್ತದೆ. ತಪ್ಪಿದವರು ಅಲ್ಲಿಂದಾಚೆಗೆ ಒಲೆಗೆ ಸೌದೆ ತರಬೇಕು. ಮೂರನೆಯ ವರ್ಷ ಅವರೆ ಹೂ ಬಿಡುವ ಹೊತ್ತಿಗೆ ರೈತನಿಗೆ ಊಟ ಸೇರದಾಯಿತು. ಮುತ್ತಾತನ ಕಾಲದಿಂದ ಅವರೆಯ ಮನೆ ಎನಿಸಿಕೊಂಡದ್ದು ತನ್ನ ಕಾಲಕ್ಕೆ ಸೌದೆಯ ಮನೆಯಾಗುತ್ತದಲ್ಲ ಎಂಬ ಸಂಕಟ.

ಕೊನೆಯ ಉಪಾಯವೆಂದು ಒಂದು ಸಂಜೆ ಅವನು ತೋಟದ ಮೇಲ್ತುದಿಯಲ್ಲಿ ಹಸಿ ಸೊಪ್ಪು ಗುಡ್ಡೆ ಹಾಕಿ ಬೆಂಕಿ ಕೊಟ್ಟ. ಹೊಗೆಗಾದರೂ ತೋಟ ಬೆಚ್ಚಗಾಗಲಿ ಎಂದು. ಆಗ ಪಕ್ಕದ ಮುದುಕಿ, ಒಯ್ದಿದ್ದ ಕುಡುಗೋಲನ್ನು ಹಿಂದಕ್ಕೆ ಕೊಡಲು ಬಂದಳು. ಕೊಟ್ಟವಳು ಹೋಗಲಿಲ್ಲ, ನಿಂತು ನೋಡುತ್ತಲೇ ಇದ್ದಳು. ಆಮೇಲೆ ಗಟ್ಟಿಯಾಗಿ ನಕ್ಕಳು.

"ಯಾಕಜ್ಜೀ, ನನ್ನ ಗೋಳು ನಿನಗೆ ನಗೆಯಾಯ್ತಾ?" ಎಂದ ರೈತ.

"ಅಯ್ಯೋ ನನ್ನಪ್ಪಾ, ನಿನ್ನ ನೋಡಿ ಅಲ್ಲ. ಆ ಹೊಗೆ ನೋಡು. ಎಲ್ಲಿಂದ ಹೊರಟ್ತು, ಎಲ್ಲಿ ಹೋಗಿ ಕೂತ್ಕೊಂಡ್ತು?"

ರೈತ ನೋಡಿದ. ತಣ್ಣಗಿನ ಸಂಜೆ, ಒಂದಿಷ್ಟೂ ಗಾಳಿಯಿಲ್ಲ. ಹೊಗೆ ಮೇಲೇಳಲಿಲ್ಲ. ನೆಲ ಹಿಡಿದು, ಗಿಡಗಳ ನಡುವೆ ನೀರಿನಂತೆ ಇಳಿಯಿತು. ಗೋಡೆಯವರೆಗೆ ಹೋಯಿತು. ಅಲ್ಲಿ ದಾರಿ ಕಾಣದೆ ನಿಂತಿತು. ಹಿಂದಿನಿಂದ ಮತ್ತಷ್ಟು ಬಂತು, ಅದೂ ನಿಂತಿತು. ನೋಡನೋಡುತ್ತ ತೋಟ ಹೊಗೆಯ ಕೆರೆಯಾಯಿತು. ಮುದುಕಿಯ ಒಲೆಯ ಹೊಗೆ ಮಾತ್ರ ಮುಳ್ಳಿನ ಬೇಲಿಯೊಳಗೆ ನುಸುಳಿ, ತನ್ನ ಪಾಡಿಗೆ ತಾನು ಹಳ್ಳದ ಕಡೆ ಹೋಗುತ್ತಿತ್ತು.

"ಚಳಿನೂ ಹಿಂಗೇ ಕಣಪ್ಪಾ, ನೆತ್ತಿಯಿಂದ ಇಳೀತದೆ" ಎಂದಳು ಮುದುಕಿ. "ನಮ್ಮ ತೋಟದಾಗೆ ಹಾದು ಹೋಗ್ತದೆ. ನಿನ್ನ ತೋಟದಾಗೆ ಸಂಸಾರ ಹೂಡ್ತದೆ."

ರೈತ ಬೆಪ್ಪಾಗಿ ನಿಂತ. ಎರಡು ಬೇಸಿಗೆ, ಅಷ್ಟೂ ಕಲ್ಲು, ಅಷ್ಟೂ ಮಣ್ಣು. ಚಳಿ ಹೊರಗೆ ಹೋಗುವ ಬಾಗಿಲನ್ನು ತಾನೇ ಹಾಕಿಕೊಂಡಿದ್ದ. ಮೊದಲು ಅಳು ಬಂದಂತಾಯಿತು, ಬಂದದ್ದು ನಗು. ಅವನು ನಕ್ಕದ್ದು ಕೇಳಿ, ಎರಡು ವರ್ಷದಿಂದ ಆ ಸದ್ದನ್ನೇ ಮರೆತಿದ್ದ ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಅವನು ಹಾರೆ ತಂದ. ಬುಡದ ಒಂದು ಕಲ್ಲು ಮೀಟಿದ. ಮುದುಕಿ ಸೀರೆ ಎತ್ತಿ ಕಟ್ಟಿದಳು, ಹೆಂಡತಿ ಕೈ ಜೋಡಿಸಿದಳು. ಕತ್ತಲಾಗುವಷ್ಟರಲ್ಲಿ ಗೋಡೆಯಲ್ಲಿ ಗಾಡಿ ಹೋಗುವಷ್ಟು ಅಗಲದ ಕಂಡಿ ಬಿತ್ತು. ನಿಂತ ಹೊಗೆ ಒಮ್ಮೆ ಅಲುಗಿತು. ಆಮೇಲೆ ಸಂತೆ ಮುಗಿಸಿದ ಜನರಂತೆ ಸಾಲಾಗಿ ಹೊರಬಿದ್ದು ಹಳ್ಳಕ್ಕೆ ಇಳಿಯಿತು. ಕೆಳಗೆ ಯಾರ ತೋಟವೂ ಇರಲಿಲ್ಲ, ಹುಲ್ಲು ಮತ್ತು ಕಲ್ಲು. ಹೆಂಡತಿ ಚಪ್ಪಾಳೆ ತಟ್ಟಿದಳು. ಮರುದಿನ ಅವನು ಇನ್ನೂ ಎರಡು ಕಂಡಿ ತೆಗೆದ.

ಅದಾದ ಮೂರನೆಯ ಬೆಳಿಗ್ಗೆ ಬಿಳಿ ಇಬ್ಬನಿ ಬಿತ್ತು. ರೈತ ಕಂಬಳಿ ಹೊದ್ದು ತೋಟಕ್ಕೆ ಓಡಿದ. ಕೆಳಗಿನ ಎರಡು ಸಾಲು ಬೆಳ್ಳಗಿದ್ದವು. ಇಪ್ಪತ್ತು ಸಾಲು ಹಸಿರಾಗಿದ್ದವು. ಆ ಎರಡು ಸಾಲನ್ನು ನೋಡಿ, ಹಳೆಯ ನೆಂಟರು ಬಂದಷ್ಟು ಸಂತೋಷ ಪಟ್ಟ.

ಆ ಸಂಕ್ರಾಂತಿಗೆ ಅವನು ಒಂದಲ್ಲ, ಮೂರು ಬುಟ್ಟಿ ಅವರೆ ತಂದ. ಊರೆಲ್ಲ ಸುತ್ತ ಕೂತು ಸುಲಿಯಿತು. ಹುಳಿ ಕುದಿಯುವ ವಾಸನೆಗೆ ಮಕ್ಕಳು ಹಂಡೆ ಬಿಟ್ಟು ಕದಲಲಿಲ್ಲ. ಊರಿನ ಹಿರಿಯ ಎರಡನೆಯ ಸಲ ಬಡಿಸಿಕೊಳ್ಳುತ್ತ, "ಅಂತೂ ಚಳೀನ ಹೇಗಪ್ಪಾ ತಡೆದೆ?" ಎಂದು ಕೇಳಿದ.

"ತಡೆಯೋದನ್ನ ಬಿಟ್ಟೆ, ದೊಡ್ಡಪ್ಪಾ" ಎಂದ ರೈತ.

ಗುರುಗಳು ಕತೆ ಮುಗಿಸಿ ಕೈಯ ಮಣ್ಣು ಕೊಡವಿದರು. ಮರುಳಯ್ಯ ಕತೆಯ ಗುಂಗಿನಲ್ಲಿ ಕಳೆಯ ಜೊತೆಗೆ ಒಂದು ಹಿಡಿ ಕೊತ್ತಂಬರಿಯನ್ನೂ ಕಿತ್ತಿದ್ದ. ಅವನ ಮುಖ ಅರಳಿತ್ತು.

"ತಿಳಿಯಿತು, ಗುರುಗಳೇ! ಚಳಿ ಬರುವುದು ಮೇಲಿನಿಂದ. ಅಂದರೆ ಅವನು ಗೋಡೆಯನ್ನು ಮೇಲ್ಗಡೆ ಕಟ್ಟಬೇಕಾಗಿತ್ತು!"

ಗುರುಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಡುಗೆಮನೆಯಿಂದ ಕರಿಬಸಪ್ಪ ಒಗ್ಗರಣೆ ಹಾಕಿದ ಸದ್ದು ಕೇಳಿಸಿತು. ಗುರುಗಳು ಮರುಳಯ್ಯನ ಕೈಯಲ್ಲಿದ್ದ ಕೊತ್ತಂಬರಿಯನ್ನು ಕಳೆಯಿಂದ ಬೇರೆ ಮಾಡಿ, ಮಣ್ಣು ಒರೆಸಿ, ಮತ್ತೆ ಅವನ ಕೈಗೇ ಕೊಟ್ಟರು.

"ಕರಿಬಸಪ್ಪನ ಜೊತೆ ನೀನು ಮಾತಾಡಿ ಎಷ್ಟು ದಿನವಾಯಿತು, ಮರುಳಯ್ಯ?"