ಗಾಳಿಯಲ್ಲಿ ಕಾಣೆ ಕರಿ

ಹೀಗೊಬ್ಬಳು ತಾಯಿ, ಅವಳಿಗೆ ಹೀಗೊಬ್ಬ ಮಗ. ತಾಯಿಯ ಹೆಸರು ಬಚ್ಚಿ, ಮಗನ ಹೆಸರು ಸಾಧು. ಮನೆ ಕುಂದಾಪುರದ ಕಡೆ, ಕಡಲ ಬದಿಯಲ್ಲಿ. ಒಳಗೆ ಕೂತರೆ ಕಡಲು ಕಾಣದು, ಅದರ ಸದ್ದು ಕೇಳದ ಗಳಿಗೆಯೂ ಇಲ್ಲ. ಬಚ್ಚಿ ಬುಟ್ಟಿ ಹೊತ್ತು ಮೀನು ಮಾರಿ ಬದುಕಿದವಳು. ಗಂಡ ಹೋದ ಮೇಲೆ ಯಾರ ಮುಂದೆಯೂ ಕೈ ಚಾಚಿದವಳಲ್ಲ. ಮಗನ ಮೀಸೆ ಬೆಳ್ಳಗಾಗುತ್ತ ಬಂದಿತ್ತು, ಆದರೂ ಮೀನಿನ ಮುಳ್ಳು ತೆಗೆದು ಅವನ ತಟ್ಟೆಗೆ ಹಾಕುವವಳು ಅವಳೇ.

ಸಾಧು ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ ಕೆಲಸ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ. ಬಾಗಿಲು ನೋಡಿಕೋ ಅಂದರೆ ಬಾಗಿಲನ್ನೇ ನೋಡುತ್ತ ಕೂರುವನು. ಹಿತ್ತಿಲಿನಿಂದ ನಾಯಿ ಬಂದು ಅನ್ನ ತಿಂದು ಹೋಗುವುದು. ನಾಯಿ ಬಂತಲ್ಲೋ ಅಂದರೆ, ಬಾಗಿಲಿಂದ ಬರಲಿಲ್ಲವಲ್ಲ ಅಮ್ಮ, ಅನ್ನುವನು.

ಒಂದು ದಿನ ಬಚ್ಚಿ, ಅನ್ನ ಕುದಿದ ಮೇಲೆ ಬೆಂಕಿ ಆರಿಸು ಅಂತ ಹೇಳಿ ಹೊರಗೆ ಹೋದಳು. ಅನ್ನ ಕುದಿಯಿತು. ಸಾಧು ಗ್ಯಾಸಿನ ಒಲೆಗೆ ಬಾಯಿ ಹಾಕಿ ಉಫ್ ಅಂತ ಊದಿದ. ಬೆಂಕಿ ಆರಿತು. ಗ್ಯಾಸು ಆರಲಿಲ್ಲ. ಪಕ್ಕದ ಮನೆಯ ಜಲಜ ವಾಸನೆ ಹಿಡಿದು ಓಡಿ ಬಂದು ಗ್ಯಾಸು ನಿಲ್ಲಿಸಿದಳು, ಸಾಧು ಉಳಿದ. ಬಚ್ಚಿ ಬೈದಳು. ಬೈದು, ಇನ್ನು ಒಲೆಯ ಹತ್ತಿರ ಹೋಗಬೇಡ ಅಂದಳು. ಮರುದಿನದಿಂದ ಸಾಧು ಅಡುಗೆಮನೆಗೇ ಹೋಗಲಿಲ್ಲ. ಬಾಯಾರಿದರೆ ಬಾವಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ.

ಇದು ನಗುವ ಮಾತೇ. ಆದರೆ ಆ ಹೊತ್ತಿಗೆ ಬಚ್ಚಿಗೆ ಕಾಯಿಲೆ ಹಿಡಿದಿತ್ತು. ಡಾಕ್ಟರು ಅವಳ ಮುಖ ನೋಡದೆ ಮಾತಾಡಿದ್ದರು. ಅವಳಿಗೆ ಅರ್ಥವಾಯಿತು. ತಮ್ಮ ಸಂಜೀವನನ್ನು ಕರೆಸಿದಳು. ಸಂಜೀವ ಬೋಟಿನಲ್ಲಿ ದುಡಿಯುವವನು, ಅವನ ಮನೆಯಲ್ಲಿ ಅವನಿಗೇ ಕಾಲು ಚಾಚಲು ಜಾಗ ಸಾಲದು. ಅವನು ಹೇಳಿದ್ದು ಇಷ್ಟು: ಘಟ್ಟದ ಮೇಲೆ ಒಂದು ಆಶ್ರಮ ಉಂಟು. ಇಂಥವರನ್ನು ಇಟ್ಟುಕೊಳ್ಳುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ.

"ಅಲ್ಲಿ ಕಡಲು ಉಂಟಾ?" ಅಂತ ಕೇಳಿದಳು ಬಚ್ಚಿ.

"ಘಟ್ಟದ ಮೇಲೆ ಕಡಲು ಎಲ್ಲಿಂದ ಬರಬೇಕು ಅಕ್ಕ?"

"ಮೀನು?"

ಸಂಜೀವ ಇಲ್ಲ ಅಂತ ಕೈಯಾಡಿಸಿದ.

ಬಚ್ಚಿ ಹಟದವಳು. ತನ್ನ ಕೈಯಾರೆ ಒಂದು ಊಟ ಮಾಡಿಕೊಳ್ಳಲು ಅವನಿಗೆ ಬಂದರೆ ಅವನನ್ನು ಈ ಮನೆಯಲ್ಲೇ ಬಿಡುತ್ತೀಯಾ ಅಂತ ತಮ್ಮನನ್ನು ಕೇಳಿದಳು. ಅನ್ನ ಜಲಜ ಬೇಯಿಸಿ ಕೊಡುತ್ತಾಳೆ. ಮೀನೊಂದು ಅವನೇ ಮಾಡಿಕೊಂಡರೆ ಸಾಕು. ಸಂಜೀವ ಒಪ್ಪಿದ. ನನ್ನ ಕಣ್ಣೆದುರು ಒಂದು ಸಲ ಮಾಡಿ ತೋರಿಸಲಿ, ಬಿಡುತ್ತೇನೆ ಅಂದ.

ಒಲೆ ಮುಟ್ಟುವ ಹಾಗಿಲ್ಲ, ಕಾದ ಎಣ್ಣೆಯಂತೂ ಆಗದ ಮಾತು. ಬಚ್ಚಿ ಮೀನು ಕೊಡುತ್ತಿದ್ದ ಮನೆಯೊಂದರಲ್ಲಿ ಏರ್ ಫ್ರೈಯರ್ ನೋಡಿದ್ದಳು. ಬೆಂಕಿಯಿಲ್ಲ, ಬಾಣಲೆಯಿಲ್ಲ. ಎಳೆದರೆ ಬರುವ ಬುಟ್ಟಿಯಲ್ಲಿ ಮೀನಿಟ್ಟು ಒಳಗೆ ತಳ್ಳಿದರೆ ಬಿಸಿ ಗಾಳಿಯಲ್ಲೇ ಕರಿದು ಕೊಡುತ್ತದೆ, ಆದ ಮೇಲೆ ಟಿಂಗ್ ಅನ್ನುತ್ತದೆ. ಪೇಟೆಗೆ ಹೋಗಿ ಅಂಥದ್ದೊಂದನ್ನು ತಂದಳು. ಗಾಳಿಪೆಟ್ಟಿಗೆ ಅಂತ ಹೆಸರಿಟ್ಟಳು. ಮಾಡಲು ಆರಿಸಿದ್ದು ಕಾಣೆ ಮೀನು. ಬೆಳ್ಳಗಿನ ಮಾಂಸ, ನಡುಮುಳ್ಳು ಎಳೆದು ತೆಗೆದರೆ ಗಂಟಲಿಗೆ ಸಿಕ್ಕುವ ಭಯವಿಲ್ಲ.

ಮೊದಲ ದಿನ ಮುಳ್ಳು ತೆಗೆದ ತುಂಡುಗಳನ್ನು ತಟ್ಟೆಯಲ್ಲಿಟ್ಟು, ಸುಸ್ತಾಗಿ ಮಲಗಿದಳು. ಮಲಗಿದಲ್ಲಿಂದಲೇ ಹೇಳಿದಳು:

"ಸಾಧು, ಗಾಳಿಯಲ್ಲಿ ಕಾಣೆ ಕರಿ."

ಕರಿ ಅಂದರೆ ನಮ್ಮ ಕಡೆ ಮೀನು ಕರಿಯುವುದೂ ಹೌದು, ಕೂಗಿ ಕರೆಯುವುದೂ ಹೌದು. ಸಾಧುವಿಗೆ ಗೊತ್ತಿದ್ದದ್ದು ಒಂದೇ. ಕಡಲ ಬದಿಗೆ ಹೋದ. ಗಾಳಿ ಜೋರಾಗಿರುವ ಕಡೆ ನಿಂತ. ಕಾಣೇ, ಬಾ, ಕಾಣೇ, ಬಾ ಅಂತ ಕೂಗಿದ. ಬಲೆ ಹೆಣೆಯುತ್ತ ಕೂತವರು ನಕ್ಕು, ಹೋಯ್ ಸಾಧು, ಬಂಗುಡೆಯನ್ನೂ ಸ್ವಲ್ಪ ಕರಿ ಮಾರಾಯ ಅಂದರು. ಅದು ಅಮ್ಮ ಹೇಳಲಿಲ್ಲ ಅಂದ. ಮನೆಯಲ್ಲಿ ತಟ್ಟೆಯ ಮೀನನ್ನು ಬೆಕ್ಕು ತಿಂದಿತು.

ಬಚ್ಚಿ ಬೈದಳು. ಕಾಣೆ ಕರಿಯುವುದು ಪೆಟ್ಟಿಗೆಯಲ್ಲಿ, ಕಡಲಲ್ಲಿ ಅಲ್ಲ ಮಂಕೇ ಅಂದಳು. ಬೈದು ಹೊಸ ಬುದ್ಧಿ ಹೇಳಿದಳು: ಪೆಟ್ಟಿಗೆಗೆ ಹಾಕುವ ಮೊದಲು ಮೀನು ಒಣಗಿರಬೇಕು, ಒಂದು ಹನಿ ನೀರೂ ಇರಬಾರದು.

ಮರುದಿನ ಮೀನು ತೊಳೆದುಕೊಟ್ಟಳು. ಸಾಧು ಅಂಗಳಕ್ಕೆ ಹೋಗಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಒಂದೊಂದೇ ತುಂಡನ್ನು ಕ್ಲಿಪ್ ಹಾಕಿ ತೂಗಿಸಿದ. ಒಂದು ಕಡೆ ಅಮ್ಮನ ಸೀರೆ, ಒಂದು ಕಡೆ ತನ್ನ ಲುಂಗಿ, ನಡುವೆ ಕಾಣೆ. ಕಾಗೆಗಳು ಬಂದವು. ಓಡಿಸು ಅಂತ ಯಾರೂ ಹೇಳಿರಲಿಲ್ಲ, ಅವನು ಓಡಿಸಲಿಲ್ಲ.

ಬಚ್ಚಿ ಬೈದಳು. ಬೈದು ಹೊಸ ಬುದ್ಧಿ ಹೇಳಿದಳು: ಬಟ್ಟೆಯಲ್ಲಿ ಮೆತ್ತಗೆ ಒತ್ತಿ ಒರೆಸು. ಉಪ್ಪು, ಹುಳಿ, ಮೆಣಸಿನ ಪುಡಿ ಹಚ್ಚು. ಹಚ್ಚಿ ಸ್ವಲ್ಪ ಹೊತ್ತು ಮಲಗಿಸು.

ಸಾಧು ಒರೆಸಿದ. ಹಚ್ಚಿದ. ಸರಿಯಾಗಿಯೇ ಹಚ್ಚಿದ. ಆಮೇಲೆ ಅಮ್ಮನ ಚಾಪೆಯ ಪಕ್ಕ ಇನ್ನೊಂದು ಚಾಪೆ ಹಾಸಿ, ತುಂಡುಗಳನ್ನು ಸಾಲಾಗಿ ಮಲಗಿಸಿ, ಕಂಬಳಿ ಹೊದೆಸಿ, ಬೆನ್ನು ತಟ್ಟಿದ. ಬಚ್ಚಿ ಎಚ್ಚರಾಗಿ ನೋಡಿದರೆ ಮಗ ಗುನುಗುತ್ತಿದ್ದಾನೆ. ಅವನು ಚಿಕ್ಕವನಿದ್ದಾಗ ಅವಳು ಗುನುಗುತ್ತಿದ್ದ ಹಾಡು. ಬೈಯಬೇಕು ಅಂತ ಬಾಯಿ ತೆರೆದಳು, ನಗು ಬಂತು. ನಕ್ಕಳು, ಕೆಮ್ಮು ಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಕಣ್ಣಲ್ಲಿ ನೀರಿತ್ತು. ಅದಾದ ಮೇಲೆ ಬೈದಳು.

ಬೈದು ಹೇಳಿದಳು: ಮಸಾಲೆ ಹಿಡಿದ ಮೇಲೆ ಬುಟ್ಟಿಯಲ್ಲಿಡು. ಒಂದಕ್ಕೊಂದು ತಾಗಬಾರದು. ಒಂದು ಬದಿ ಮಾತ್ರ ಕರಿದರೆ ಸಾಲದು, ಎರಡೂ ಬದಿ ಕರಿಯಬೇಕು. ಅರ್ಧ ಆದ ಮೇಲೆ ತಿರುವಿ ಹಾಕು.

ಈ ಸಲ ನೋಡಲು ಸಂಜೀವ ಬಂದ. ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತ. ಬಚ್ಚಿ ಗೋಡೆಗೆ ಒರಗಿ ಕೂತಳು, ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದಿದ್ದಳು. ಸಾಧು ಒರೆಸಿದ, ಹಚ್ಚಿದ, ತಟ್ಟೆಯಲ್ಲೇ ಮಲಗಿಸಿದ. ಬುಟ್ಟಿಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟ. ಗುಂಡಿ ಒತ್ತಿದ. ಪೆಟ್ಟಿಗೆ ಭುರ್ ಅಂತ ಓಡಿತು, ಮನೆಯೆಲ್ಲ ಪರಿಮಳ. ಸಂಜೀವನ ಮುಖವೂ ಸ್ವಲ್ಪ ಸಡಿಲವಾಯಿತು. ಅರ್ಧ ಆಯಿತು. ಸಾಧು ಎದ್ದ. ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಹಿಡಿದ. ಇಡೀ ಪೆಟ್ಟಿಗೆಯನ್ನು ತಿರುವಿ ತಲೆಕೆಳಗು ಮಾಡಿ ಹಾಕಿದ.

ಸಂಜೀವ ಎದ್ದು ಪ್ಲಗ್ ಕಿತ್ತ. ಚಪ್ಪಲಿ ಮೆಟ್ಟಿಕೊಂಡ. ಸಾಕು ಅಕ್ಕ, ಇದು ಆಗುವ ಹೋಗುವ ಮಾತಲ್ಲ, ಆಶ್ರಮಕ್ಕೆ ಹೇಳಿಡುತ್ತೇನೆ ಅಂದ. ಬಚ್ಚಿ ಬೇಡಿಕೊಳ್ಳಲಿಲ್ಲ. ಅವಳಿಗೆ ಬೇಡಿ ಗೊತ್ತಿಲ್ಲ.

"ಇನ್ನೊಂದು ಸಲ ನೋಡು," ಅಂದಳು. "ನಾನು ಇರುವ ತನಕ ಅವನು ಎಲ್ಲಿಗೂ ಹೋಗುವುದಿಲ್ಲ. ನಾನು ಹೋದ ಮೇಲೆ ಇನ್ನೊಂದು ಸಲ ನೋಡಿ, ಆಮೇಲೆ ಕರೆದುಕೊಂಡು ಹೋಗು."

ಸಂಜೀವ ತಲೆಯಾಡಿಸಿ ಹೋದ. ಬಚ್ಚಿ ಮಗನಿಗೆ ಬೈದಳು. ತಿರುವುವುದು ಮೀನನ್ನು, ಪೆಟ್ಟಿಗೆಯನ್ನಲ್ಲ. ತಿರುವಿ ಒಳಗೆ ತಳ್ಳಿದ ಮೇಲೆ ಸುಮ್ಮನೆ ಕೂತುಕೋ. ಟಿಂಗ್ ಅನ್ನುವ ತನಕ ಅಲ್ಲಾಡಬೇಡ.

ಪುಣ್ಯಕ್ಕೆ ಪೆಟ್ಟಿಗೆ ಕೆಟ್ಟಿರಲಿಲ್ಲ. ಮರುದಿನ ಸಾಧು ಎಲ್ಲವನ್ನೂ ಸರಿಯಾಗಿ ಮಾಡಿದ. ತಿರುವಿದ್ದೂ ಮೀನನ್ನೇ. ತಳ್ಳಿ, ಎದುರು ಕೂತ. ಆಗ ಕರೆಂಟು ಹೋಯಿತು. ಪೆಟ್ಟಿಗೆ ನಿಂತಿತು. ಟಿಂಗ್ ಅನ್ನಲಿಲ್ಲ. ಸಾಧು ಅಲ್ಲಾಡಲಿಲ್ಲ.

ಬಚ್ಚಿ ಹಿತ್ತಿಲಿಗೆ ಹೋಗಿದ್ದಳು. ಬಚ್ಚಲ ಕಲ್ಲಿನ ಮೇಲೆ ಕಾಲು ಜಾರಿತು. ಬಿದ್ದಳು, ಏಳಲು ಆಗಲಿಲ್ಲ. ಸಾಧು, ಬಾ ಅಂತ ಕೂಗಿದಳು. ಅವನಿಗೆ ಕೇಳಿತು. ಕೂತಲ್ಲಿಂದಲೇ ಉತ್ತರ ಕೊಟ್ಟ:

"ಇನ್ನೂ ಟಿಂಗ್ ಅನ್ನಲಿಲ್ಲ ಅಮ್ಮ."

ಮತ್ತೆ ಕೂಗಿದಳು. ಮತ್ತೆ ಅದೇ ಉತ್ತರ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ಎದ್ದು ಓಡಬೇಕು ಅನಿಸುತ್ತಿತ್ತು. ಆದರೆ ಅಮ್ಮ ಹೇಳಿದ್ದಾಳಲ್ಲ, ಅಲ್ಲಾಡಬೇಡ ಅಂತ. ಹೇಳಿದ್ದನ್ನೇ ಮಾಡಿದ. ಮೀನು ಮಾರಿ ಬಂದ ಜಲಜ ನೋಡಿ ಕೂಗಿಕೊಂಡಾಗ ಬಿಸಿಲು ಇಳಿದಿತ್ತು.

ಆಸ್ಪತ್ರೆಯಲ್ಲಿ ಬಚ್ಚಿಯ ಮಂಚದ ಪಕ್ಕ ಸಾಧು ತಲೆ ತಗ್ಗಿಸಿ ನಿಂತ. ಬೈಗುಳಕ್ಕೆ ಕಾದ. ಬೈದ ಮೇಲೆ ಹೊಸ ಬುದ್ಧಿ ಬರುತ್ತದೆ, ಅದನ್ನು ಹಿಡಿದುಕೊಂಡು ಮನೆಗೆ ಹೋಗುವುದು ಅವನ ರೂಢಿ. ಬಚ್ಚಿ ಬೈಯಲಿಲ್ಲ. ಅವನ ಕೈ ಹಿಡಿದು ಎದೆಯ ಮೇಲೆ ಇಟ್ಟುಕೊಂಡಳು.

"ಅದು ನಾನು ಹೇಳಿದ್ದರ ತಪ್ಪು ಮಗ, ನೀನು ಮಾಡಿದ್ದರ ತಪ್ಪಲ್ಲ," ಅಂದಳು. "ಇದೊಂದು ನೆನಪಿಟ್ಟುಕೋ. ನಮ್ಮವರು ಕರೆದರೆ ಬರಬೇಕು. ಏನು ಕೆಲಸ ಇದ್ದರೂ ಬಿಟ್ಟು ಬರಬೇಕು."

"ಕರೆದರೆ ಬರಬೇಕು," ಅಂದ ಸಾಧು.

"ಹಾಂ. ಅಷ್ಟೇ."

ಅಷ್ಟೇ ಆಯಿತು. ಬಚ್ಚಿ ಮನೆಗೆ ನಡೆದು ಬರಲಿಲ್ಲ. ಕಡಲ ಬದಿಯ ಮರಳಿನಲ್ಲೇ ಅವಳನ್ನು ಸುಟ್ಟರು. ಹೊಗೆ ಎದ್ದು ಗಾಳಿಯ ಜೊತೆ ಹೋಗುವುದನ್ನು ಸಾಧು ನೋಡುತ್ತಿದ್ದ. ಅಮ್ಮ ಎಲ್ಲಿ ಅಂತ ಮಾವನನ್ನು ಕೇಳಿದ. ಸಂಜೀವ ಹೊಗೆಯ ಕಡೆ ಕೈ ತೋರಿಸಿದ.

"ಅಮ್ಮ ಗಾಳಿಯಲ್ಲಿ ಸೇರಿಹೋದಳು ಮಗ," ಅಂದ. "ಇನ್ನು ಕಾಣೆ. ನಾನೂ ಅವಳನ್ನು ಕಾಣೆ, ನೀನೂ ಕಾಣೆ."

ಸಾಧು ಆ ಮಾತನ್ನು ಜೋಪಾನವಾಗಿ ಇಟ್ಟುಕೊಂಡ.

ಬೊಜ್ಜದ ಉತ್ತರಕ್ರಿಯೆ ಮುಗಿಯುವ ತನಕ ಮನೆಯಲ್ಲಿ ಮೀನಿಲ್ಲ. ಮುಗಿದ ಮರುದಿನ ಜಲಜ ಕಾಣೆ ತಂದು, ಬಚ್ಚಿಯ ಹಾಗೆಯೇ ನಡುಮುಳ್ಳು ತೆಗೆದು, ಅನ್ನದ ಜೊತೆ ಇಟ್ಟು ಹೋದಳು. ಇವತ್ತು ನಿನ್ನ ಮಾವ ಬರುತ್ತಾನೆ, ಸರಿಯಾಗಿ ಮಾಡು ಅಂತ ಹೇಳಿ ಹೋದಳು. ಸಂಜೀವ ಬಂದದ್ದು ಜೀಪಿನಲ್ಲಿ. ಸಾಧುವಿನ ಬಟ್ಟೆ ತುಂಬಲು ಒಂದು ಚೀಲವನ್ನೂ ತಂದಿದ್ದ. ಅಕ್ಕನಿಗೆ ಕೊಟ್ಟ ಮಾತಿನಂತೆ ಇನ್ನೊಂದು ಸಲ ನೋಡುವುದು, ಆಮೇಲೆ ಘಟ್ಟ ಹತ್ತುವುದು ಅಂತ ಅವನ ಲೆಕ್ಕ.

ಮನೆಯಲ್ಲಿ ಯಾರೂ ಇರಲಿಲ್ಲ. ಪೆಟ್ಟಿಗೆ ನೆಟ್ಟಗೆ ನಿಂತಿತ್ತು, ಪ್ಲಗ್ ತೆಗೆದಿತ್ತು. ನೆಲದ ಮೇಲೆ ಎರಡು ತಟ್ಟೆ, ಎರಡು ಲೋಟ ನೀರು. ಎರಡು ತಟ್ಟೆಯಲ್ಲೂ ಅನ್ನ, ಅನ್ನದ ಪಕ್ಕ ಕಾಣೆ. ಸಂಜೀವ ಒಂದು ತುಂಡು ತಿರುವಿ ನೋಡಿದ. ಎರಡೂ ಬದಿ ಕೆಂಪಗೆ. ಮುರಿದು ಬಾಯಿಗೆ ಹಾಕಿಕೊಂಡ. ಒಳಗೆ ಬೆಳ್ಳಗೆ, ಹದವಾಗಿ ಬೆಂದಿತ್ತು. ಉಪ್ಪು ಸರಿ, ಹುಳಿ ಸರಿ. ಅವನ ಅಕ್ಕನ ಕೈಯದೇ ರುಚಿ.

ಆಗ ಕಡಲ ಕಡೆಯಿಂದ ಕೂಗು ಕೇಳಿಸಿತು.

ಸಂಜೀವ ಚೀಲ ಹಿಡಿದುಕೊಂಡೇ ಹೋಗಿ ನೋಡಿದ. ಸುಟ್ಟ ಜಾಗದ ಹತ್ತಿರ, ಗಾಳಿ ಜೋರಾಗಿರುವ ಕಡೆ ಸಾಧು ನಿಂತಿದ್ದ. ಕಡಲಿಗೆ ಮುಖ ಮಾಡಿ ಅಮ್ಮಾ, ಬಾ, ಅಮ್ಮಾ, ಬಾ ಅಂತ ಕೂಗುತ್ತಿದ್ದ. ಬಲೆ ಹೆಣೆಯುವವರು ಈ ಸಲ ನಗಲಿಲ್ಲ. ಕೈಯ ಕೆಲಸ ಬಿಟ್ಟು ಕೂತಿದ್ದರು.

"ಎಂತ ಮಾಡ್ತಾ ಇದ್ದೀಯಾ ಮಗ?"

"ಅಮ್ಮ ಕಾಣೆ ಅಂದೆಯಲ್ಲ ಮಾವ, ಗಾಳಿಯಲ್ಲಿದ್ದಾಳೆ ಅಂದೆಯಲ್ಲ. ಕಾಣೆಯನ್ನು ಗಾಳಿಯಲ್ಲಿ ಕರಿಯಬೇಕು. ಊಟ ಆಯ್ತು. ಕರೆದರೆ ಬರಬೇಕು ಅಂತ ಅವಳೇ ಹೇಳಿದ್ದಾಳೆ."

ಬರುವುದಿಲ್ಲ ಅಂತ ಹೇಳಲು ಸಂಜೀವ ಬಾಯಿ ತೆರೆದ. ಆದರೆ ಮನೆಗೆ ಹೋಗುವ, ಮೀನು ಆರುತ್ತದೆ ಅಂದ.

"ತಡಿ ಮಾವ. ಒಂದು ಬದಿ ಮಾತ್ರ ಆಯ್ತು."

ಸಾಧು ತಿರುಗಿ ನಿಂತ. ಈಗ ಕಡಲಿಗೆ ಬೆನ್ನು, ಊರಿಗೆ ಮುಖ. ಆ ಬದಿಗೂ ಅಷ್ಟೇ ಸಲ, ಅಷ್ಟೇ ಗಟ್ಟಿಯಾಗಿ ಕರೆದ. ಕರೆದು ಮುಗಿಸಿ ಮರಳಿನ ಮೇಲೆ ಕೂತ. ಕೈ ಮೊಣಕಾಲಿನ ಮೇಲೆ, ಕಿವಿ ಗಾಳಿಯ ಕಡೆ.

ಈಗ ಬೈಯುವ ಹೊತ್ತು. ಬೈದು ಹೊಸ ಬುದ್ಧಿ ಹೇಳುವ ಹೊತ್ತು. ಅದನ್ನು ಹೇಳಬೇಕಾದವಳು ಇರಲಿಲ್ಲ, ಇದ್ದದ್ದು ಸಂಜೀವ ಒಬ್ಬ. ಯಾವ ಮಾತು ಹೇಳಿದರೂ ಇವನು ಅದನ್ನೇ ಮಾಡಿಬಿಡುತ್ತಾನೆ ಅಂತ ಅವನಿಗೆ ಹೆದರಿಕೆಯಾಯಿತು.

ರಸ್ತೆಯಲ್ಲಿ ಕಾದು ಬೇಸತ್ತ ಜೀಪಿನವನು ಹಾರ್ನ್ ಹೊಡೆದ. ಮತ್ತೊಮ್ಮೆ ಹೊಡೆದ.

"ಅದು ಟಿಂಗ್ ಅಲ್ಲ ಮಾವ," ಅಂದ ಸಾಧು. ತಲೆ ಕೂಡ ತಿರುಗಿಸಲಿಲ್ಲ.

"ಅಲ್ಲ ಮಗ, ಅದಲ್ಲ," ಅಂದ ಸಂಜೀವ. ಕೈ ಎತ್ತಿ ಜೀಪಿನವನಿಗೆ ಹೋಗು ಅಂತ ಸನ್ನೆ ಮಾಡಿದ. ಚೀಲವನ್ನು ಮಡಿಸಿ ಹಾಸಿ, ಅವನ ಪಕ್ಕದಲ್ಲಿ ಕೂತ. ಜೀಪು ಹೋದ ಸದ್ದು ಕೇಳಿತು. ಕಡಲಿನ ಸದ್ದು ಉಳಿಯಿತು. ಮನೆಯಲ್ಲಿ ಮೀನು ಆರುತ್ತಿತ್ತು. ಇಬ್ಬರೂ ಅಲ್ಲಾಡಲಿಲ್ಲ.